ತೌಡು ತುಂಬಿದ ಪೊಟ್ಟಣಗಳು

ಮೂಡಿಗೆರೆ ಕಡೆ ಮಳೆಗಾಲದಲ್ಲಿ ಹೊರಗಿನವರು ಯಾರಾದರೂ ಬಸ್ಸಿಳಿದರೆ ಮೊದಲು ಅವರ ಕಾಲಿನ ವಿಚಾರ, ಆಮೇಲೆ ಕಾಫಿ. ನಾನು ಹೇಳುತ್ತಿರುವುದು ಯುದ್ಧದ ಕಾಲದ ಮಾತು. ಹುಲ್ಲಿನ ತುದಿಯಲ್ಲಿ, ತರಗೆಲೆಯ ಅಡಿಯಲ್ಲಿ ದಾರದೆಳೆಯಂತೆ ನಿಂತಿರುವ ಇಂಬಳ, ಅಂದರೆ ಕಾಡಿನ ಜಿಗಣೆ, ಹೊಸಬರ ಕಾಲನ್ನು ಹೇಗೆ ಗುರುತು ಹಿಡಿಯುತ್ತದೋ ಕಾಣೆ. ಹತ್ತಿದ್ದು ಗೊತ್ತಾಗುವುದಿಲ್ಲ, ಹೀರಿದ್ದು ಗೊತ್ತಾಗುವುದಿಲ್ಲ. ಬೆರಳ ಸಂದಿಯಲ್ಲಿ ರಕ್ತ ಜಿನುಗಿದಾಗಲೇ ತಿಳಿಯುವುದು. ಅದಕ್ಕೆ ಅಲ್ಲಿನವರು ಹೊಗೆಸೊಪ್ಪಿನ ಪುಡಿಗೆ ಸುಣ್ಣ ಬೆರೆಸಿ, ಹಳೆಯ ಬಟ್ಟೆಯ ಚೂರಿನಲ್ಲಿ ಕಟ್ಟಿ, ನಿಂಬೆಹಣ್ಣಿನ ಗಾತ್ರದ ಪೊಟ್ಟಣ ಮಾಡಿಟ್ಟುಕೊಂಡಿರುತ್ತಾರೆ. ಅದನ್ನು ಒದ್ದೆ ಮಾಡಿ ಪಾದದಿಂದ ಮೊಣಕಾಲಿನವರೆಗೆ ಉಜ್ಜಿಕೊಂಡರೆ ಇಂಬಳ ಹತ್ತಿರ ಸುಳಿಯುವುದಿಲ್ಲ. ಬಂದವರಿಗೆ ಅದನ್ನು ಕೊಡದೆ ಅಂಗಳಕ್ಕೆ ಬಿಡುವುದೆಂದರೆ, ಬಾಯಾರಿ ಬಂದವರಿಗೆ ನೀರು ಕೊಡದೆ ಕಳಿಸಿದ ಹಾಗೆ.

ನಾನು ಬಯಲುಸೀಮೆಯವನು, ಬೀರೂರಿನ ಕಡೆಯವನು. ಆ ಕಡೆಯ ಒಂದು ಹೈಸ್ಕೂಲಿಗೆ ಡ್ರಿಲ್ ಮೇಷ್ಟ್ರಾಗಿ ಬಂದಿಳಿದ ದಿನ, ಹೆಸರೂ ಕೇಳದೆ ಒಬ್ಬ ಮುದುಕ ನನ್ನನ್ನು ಅಂಗಡಿಯ ಜಗಲಿ ಮೇಲೆ ಕೂರಿಸಿ, "ಕಾಲು ಚಾಚಿ ಮಾರಾಯ್ರೆ" ಎಂದು ತಾನೇ ಉಜ್ಜಿದ್ದ. ಮದುವೆಯಾದ ಮೇಲೆ ಆ ಕೆಲಸ ನನ್ನ ಹೆಂಡತಿಯದಾಯಿತು. ಅವಳು ಕಳಸದ ಕಡೆಯವಳು. ಅವಳು ಪೊಟ್ಟಣ ಕಟ್ಟುವ ರೀತಿಯೇ ಬೇರೆ: ಬಾಳೆಯ ನಾರನ್ನು ಬಟ್ಟೆಯ ಕುತ್ತಿಗೆಗೆ ಬಿಗಿಯಾಗಿ ಸುತ್ತಿ, ತುದಿಯನ್ನು ಸುತ್ತಿನ ಒಳಗಿಂದ ತೂರಿಸಿ, ಕಿರುಬೆರಳಿಗೆ ಸಿಕ್ಕಿಸಿಕೊಳ್ಳುವಷ್ಟು ಕುಣಿಕೆ ಬಿಡುತ್ತಿದ್ದಳು. ಎಷ್ಟು ಎಳೆದರೂ ಬಿಚ್ಚುತ್ತಿರಲಿಲ್ಲ. ಆ ಗಂಟನ್ನು ನನಗೆ ಕಲಿಸಲು ಅವಳು ಒಂದು ಮಳೆಗಾಲವನ್ನೇ ತೆಗೆದುಕೊಂಡಳು. ನನ್ನ ಕೈ ಅಷ್ಟು ಒರಟು. ಮುಂದೆ ಅವಳು ಕಾಯಿಲೆಯಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಸ್ಕೂಲಿನ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನೊಬ್ಬನೇ ಉಳಿದೆ.

ಒಬ್ಬನೇ ಅಂದರೆ ಪೂರ್ತಿ ಒಬ್ಬನೇ ಅಲ್ಲ. ಸಂಜೆ ಆಟ ಮುಗಿದ ಮೇಲೆ ನಮ್ಮ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಜಗಲಿಗೆ ಬರುತ್ತಿದ್ದ. ಅವನ ತಂದೆ ಆಲ್ದೂರಿನ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಹುಡುಗ ಓದಿಗಾಗಿ ಸೋದರತ್ತೆಯ ಮನೆಯಲ್ಲಿದ್ದ. ಯುದ್ಧದಿಂದಾಗಿ ರಬ್ಬರು ಸಿಗದ ಕಾಲ ಅದು. ಚೆಂಡಿನೊಳಗಿನ ಬ್ಲಾಡರ್ ತೂತಾದರೆ ಹೊಸದು ಬರುವ ಆಸೆಯೇ ಇಲ್ಲ. ಅವನು ಅದನ್ನು ಬಿಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಬರುವ ಜಾಗ ಹುಡುಕಿ ತೇಪೆ ಹಾಕುತ್ತಿದ್ದ. ನಾನು ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರುತ್ತಿದ್ದೆ. ಸಕ್ಕರೆಗೆ ರೇಷನ್ ಇದ್ದುದರಿಂದ ಬೆಲ್ಲದ ಕಾಫಿ, ಎರಡು ಲೋಟ. ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಚೆಂಡಿನ ಬಾಯಿ ಹೊಲಿಯುತ್ತಾ ಏನೋ ಗುನುಗುತ್ತಿದ್ದ. ಆ ಗುನುಗು ಕೇಳುವುದಕ್ಕೆ ನಾನು ಬೆಳಗಿನಿಂದ ಕಾಯುತ್ತಿದ್ದೆ ಅಂದರೆ ತಪ್ಪಾಗಲಾರದು. ಪೊಟ್ಟಣ ಕಟ್ಟುವ ದಿನಗಳಲ್ಲಿ ಅವನೂ ಕೂತು ಕಟ್ಟುತ್ತಿದ್ದ. ನಾನು ಒಂದು ಮಳೆಗಾಲ ಹಿಡಿದು ಕಲಿತ ಗಂಟನ್ನು ಅವನು ಒಂದೇ ಸಂಜೆಯಲ್ಲಿ ಕಲಿತ.

ಆಟದಲ್ಲಿ ಅವನಂಥವನನ್ನು ನಾನು ಮುಂದೆಯೂ ನೋಡಲಿಲ್ಲ. ನಮ್ಮ ಹುಡುಗರೆಲ್ಲ ಬರಿಗಾಲಿನವರು. ಮಳೆ ನಿಂತ ಮೈದಾನದಲ್ಲಿ ಎಲ್ಲಿ ನೀರು ಹುಲ್ಲಿನಡಿ ಅಡಗಿದೆ, ಎಲ್ಲಿ ನೆಲ ಗಟ್ಟಿ, ಅವನ ಪಾದಕ್ಕೆ ಗೊತ್ತಿತ್ತು. ಎದುರಾಳಿ ಜಾರುವ ಜಾಗಕ್ಕೇ ಅವನನ್ನು ಕರೆದೊಯ್ದು ತಾನು ಪಕ್ಕದಿಂದ ಹೊರಟುಬಿಡುತ್ತಿದ್ದ. ಎಡಗಡೆಯಲ್ಲಿ ಓಡುವ ಅವನ ಜೊತೆಗಾರನೊಬ್ಬ ಇದ್ದ, ಹಾಸ್ಟೆಲಿನ ಹುಡುಗ, ಅಡಿಕೆ ತೋಟದವರ ಮನೆಯವನು. ಇಬ್ಬರೂ ಒಂದೇ ಎತ್ತಿನ ಗಾಡಿಯ ಎರಡು ಚಕ್ರ. ಅದು ಇಬ್ಬರಿಗೂ ಸ್ಕೂಲಿನ ಕೊನೆಯ ವರ್ಷ. ಪರೀಕ್ಷೆ ಮುಗಿದರೆ ಕ್ಯಾಪ್ಟನ್ ಎಸ್ಟೇಟಿನ ಆಫೀಸಿಗೆ ಸೇರುವುದೆಂದು ಆಗಲೇ ತೀರ್ಮಾನವಾಗಿತ್ತು. ಚಿಕ್ಕಮಗಳೂರಿನಲ್ಲಿ ನಡೆಯುವ, ಜಿಲ್ಲೆಯ ಹೈಸ್ಕೂಲುಗಳ ಫುಟ್‌ಬಾಲ್ ಕಪ್ಪಿನ ಫೈನಲ್ ಅವನ ಪಾಲಿಗೆ ಕೊನೆಯ ಮ್ಯಾಚು.

ಫೈನಲ್ಲಿಗೆ ಹೋಗಬೇಕಾದರೆ ಮೊದಲು ನಮ್ಮ ಮೈದಾನದಲ್ಲಿ ಬಯಲುಸೀಮೆಯ ತಂಡವೊಂದನ್ನು ಗೆಲ್ಲಬೇಕಿತ್ತು. ಅವತ್ತು ಬೆಳಗ್ಗೆ ನಾನು ಅತಿಥಿಗಳಿಗೆಂದು ತಲೆಗೊಂದು ಪೊಟ್ಟಣ ಕಟ್ಟಿ, ಕ್ಯಾಪ್ಟನ್ ಕೈಗೆ ಚೀಲ ಕೊಟ್ಟು, "ಬಸ್ಸಿನ ಹತ್ತಿರವೇ ಕೊಡು. ಉಜ್ಜಿಕೊಳ್ಳೋದು ಹೇಗೆ ಅಂತ ತೋರಿಸು. ಆಮೇಲೆ ಸ್ಕೂಲಿನ ಜಗಲಿಗೆ ಕರೆದುಕೊಂಡು ಬಾ" ಎಂದು ಹೇಳಿ ಕಳಿಸಿದೆ. ನಾನು ಮೈದಾನದಲ್ಲಿ ಮಳೆಗೆ ಅಳಿಸಿಹೋದ ಗೆರೆಗಳಿಗೆ ಮತ್ತೆ ಸುಣ್ಣ ಹಾಕುತ್ತಿದ್ದೆ.

ಅತಿಥಿಗಳು ಜಗಲಿಗೆ ಬರಲಿಲ್ಲ. ಮೈದಾನದ ಆಚೆ ಬದಿಯ ನೇರಳೆ ಮರದಡಿ ಬಟ್ಟೆ ಬದಲಿಸುತ್ತಿರುವುದು ದೂರದಿಂದ ಕಂಡಿತು. ಅದರ ಹಿಂದೆಯೇ ಚರಂಡಿ, ಮೊಣಕಾಲೆತ್ತರದ ಪೊದೆ. ಅಲ್ಲಿಗೆ ದನ ಕಾಯುವವರೂ ಹೋಗುತ್ತಿರಲಿಲ್ಲ. ಕೈಯಲ್ಲಿ ಪೊಟ್ಟಣ ಇದ್ದುದು ಕಂಡು, ಸರಿ, ಉಜ್ಜಿಕೊಂಡಿದ್ದಾರಲ್ಲ ಎಂದು ಸುಮ್ಮನಾದೆ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವರ ಹುಡುಗರು ಒಬ್ಬೊಬ್ಬರಾಗಿ ಬಗ್ಗತೊಡಗಿದರು. ಒಬ್ಬ ಕಾಲು ಝಾಡಿಸಿದ. ಇನ್ನೊಬ್ಬ ಚೆಂಡು ಹತ್ತಿರ ಬಂದರೂ ಬಿಟ್ಟು ತೊಡೆ ಹಿಡಿದುಕೊಂಡು ಕುಣಿದ. ಸುತ್ತ ನಿಂತಿದ್ದ ನಮ್ಮ ಊರಿನವರಿಗೆ ನಗುವೋ ನಗು. "ಏಯ್, ಕುಣಿತ ಆಮೇಲೆ ಆಗ್ಲಿ, ಚೆಂಡು ನೋಡಾ!" ಎಂದು ಯಾರೋ ಕೂಗಿದರು. ಎರಡೂ ಕಡೆ ಗೋಲಿಲ್ಲದೆ ಆಟ ಕೊನೆಗೆ ಬಂತು. ನಮ್ಮ ಕ್ಯಾಪ್ಟನ್ ಚೆಂಡು ಹಿಡಿದು ಓಡಿದ. ಅವರ ಗೋಲಿ, ಗೋಲು ಕಾಯುವ ಸಣಕಲು ಎತ್ತರದ ಹುಡುಗ, ಆ ಕ್ಷಣದಲ್ಲೇ ಬಗ್ಗಿ ಪಾದದ ಮೇಲಿಂದ ಏನನ್ನೋ ಕೀಳುತ್ತಿದ್ದ. ಅವನು ತಲೆ ಎತ್ತುವುದರೊಳಗೆ ಚೆಂಡು ಅವನ ಪಕ್ಕದಿಂದ ಹೋಗಿತ್ತು.

ಗೆದ್ದೆವು. ಕ್ಯಾಪ್ಟನ್ನನ್ನು ಹೆಗಲ ಮೇಲೆ ಹೊತ್ತು ಪೇಟೆಯ ಕಡೆ ಹೋದರು. ಮೈದಾನ ಖಾಲಿಯಾದ ಮೇಲೆ ಆ ಗೋಲಿ ನನ್ನ ಹತ್ತಿರ ಬಂದ. ಎರಡೂ ಮೀನಖಂಡದಿಂದ ರಕ್ತ ನೀರಿನಲ್ಲಿ ಕದಡಿ ಹರಿಯುತ್ತಿತ್ತು. ಪೊಟ್ಟಣಗಳನ್ನೆಲ್ಲ ಒಂದು ಟವೆಲಿನಲ್ಲಿ ಸುತ್ತಿ ತಂದಿದ್ದ.

"ತಗಳಿ ಸಾರ್, ನಿಮ್ಮ ಸಾಮಾನು. ನಾವು ಸರಿಯಾಗಿ ಉಜ್ಕೊಳ್ಲಿಲ್ಲ ಅನ್ಸುತ್ತೆ. ನಮಗೆ ಅಭ್ಯಾಸ ಇಲ್ಲ ನೋಡಿ."

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಒಂದನ್ನು ಕೈಗೆ ತೆಗೆದುಕೊಂಡೆ. ಹಗುರವಾಗಿತ್ತು. ಮೂಗಿನ ಹತ್ತಿರ ತಂದರೆ ಹೊಗೆಸೊಪ್ಪಿನ ಘಾಟಿಲ್ಲ, ಕೊಟ್ಟಿಗೆಯ ವಾಸನೆ. ಗಂಟು ಮಾತ್ರ ಅದೇ, ನನ್ನ ಹೆಂಡತಿಯ ಗಂಟು, ಕಿರುಬೆರಳಿನ ಕುಣಿಕೆಯ ಸಮೇತ. ಹಲ್ಲಿನಿಂದ ಬಟ್ಟೆ ಹರಿದು ನೋಡಿದೆ. ಒಳಗೆ ತೌಡು. ನೆನೆದು ಮುದ್ದೆಯಾದ ಅಕ್ಕಿಯ ತೌಡು.

ಆ ಗಂಟು ಬರುತ್ತಿದ್ದುದು ನನಗೆ, ಇನ್ನೊಬ್ಬನಿಗೆ. ಯಾರನ್ನೂ ವಿಚಾರಿಸಬೇಕಾಗಿರಲಿಲ್ಲ. ಗೋಲಿ ಹುಡುಗನನ್ನು ಕೂರಿಸಿ, ಮನೆಯಿಂದ ನಿಜವಾದ ಪೊಟ್ಟಣ ತಂದು ಅವನ ಕಾಲು ಉಜ್ಜಿ ಕಳಿಸಿದೆ.

ಮರುದಿನ ಸಂಜೆ ಕ್ಯಾಪ್ಟನ್ ಎಂದಿನಂತೆ ಚೆಂಡು ತಂದ. ಜೊತೆಗಾರನೂ ಇದ್ದ. ನಾನು ಪೊಟ್ಟಣಗಳನ್ನು ಜಗಲಿ ಮೇಲೆ ಸಾಲಾಗಿ ಇಟ್ಟಿದ್ದೆ.

"ಇವನ್ನು ಕಟ್ಟಿದ್ದು ಯಾರು?"

ಜೊತೆಗಾರ ನೆಲ ನೋಡಿದ. ಕ್ಯಾಪ್ಟನ್ ನೋಡಲಿಲ್ಲ. "ನಾನೇ ಸಾರ್. ತೌಡು ಅತ್ತೆ ಮನೆ ಕೊಟ್ಟಿಗೇದು. ನಿಮ್ಮ ಪೊಟ್ಟಣ ಎಲ್ಲ ಚೆಂಡಿನ ಚೀಲದಲ್ಲಿದೆ, ಒಂದೂ ಹಾಳಾಗಿಲ್ಲ."

"ಮರದಡಿ ಕೂರಿಸಿದ್ದೂ ನೀನೇನಾ?"

"ಅಲ್ಲಿ ಒಣಗಿದೆ, ಚೆನ್ನಾಗಿದೆ ಅಂದೆ. ಕೂತ್ರು. ಎಂಥ ಆಯ್ತು ಈಗ? ಕಾಲು ಅವರದ್ದು, ಇಂಬಳ ಕಾಡಿಂದು. ನಾವು ಚೆಂಡು ಬಿಟ್ಟು ಒಬ್ಬರನ್ನೂ ಮುಟ್ಟಿಲ್ಲ ಸಾರ್."

ಜೊತೆಗಾರನಿಗೆ ತಡೆಯಲಾರದೆ ನಗು ಬಂತು. ನನ್ನ ಮುಖ ನೋಡಿ ನುಂಗಿಕೊಂಡ.

"ನಮ್ಮನೆಗೆ ಬಂದವರಿಗೆ ಹೀಗೆ ಮಾಡೋದೇನೋ?" ಎಂದೆ.

ಆಗ ಅವನ ಮುಖ ಬದಲಾಯಿತು. "ಹೋದ ವರ್ಷ ನಾವು ಅವರ ಮನೆಗೆ ಹೋಗಿದ್ವಲ್ಲ ಸಾರ್. ಕಲ್ಲಿನ ಮೈದಾನ, ಮಟಮಟ ಬಿಸಿಲು. ಮಧ್ಯ ನೀರು ಕೇಳಿದ್ರೆ ಕೊಡ ತೆಗೆದು ಬೇಲಿ ಆಚೆ ಇಟ್ರು. 'ಮಲ್ನಾಡ್ನೋರಿಗೆ ನೀರು ಯಾಕ್ರಲಾ, ಹೊಟ್ಟೆ ತುಂಬ ಮಳೆ ತುಂಬ್ಕೊಂಡು ಬಂದಿರ್ತಾರೆ' ಅಂದು ನಕ್ಕರು. ಇವನು ಅವತ್ತು ತಲೆ ಸುತ್ತಿ ಬಿದ್ದ. ನೀವು ಒಳಗೆ ಅವರ ಮೇಷ್ಟ್ರ ಜೊತೆ ಉಪ್ಪಿಟ್ಟು ತಿಂತಿದ್ರಿ. ಅವತ್ತು ಯಾರಿಗೆ ಶಿಕ್ಷೆ ಆಯ್ತು?"

ಉಪ್ಪಿಟ್ಟು ತಿಂದದ್ದು ನೆನಪಿತ್ತು; ನೀರಿನ ಕೊಡದ ವಿಷಯ ಆವರೆಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದ್ದು ಇಷ್ಟು: "ಭಾನುವಾರ ನನ್ನ ಜೊತೆ ಅವರೂರಿನ ಬಸ್ಸಿಗೆ ಬನ್ನಿ, ಇಬ್ಬರೂ. ಆ ಗೋಲಿ ಹುಡುಗನಿಗೆ, ಮಾಡಬಾರದಿತ್ತು ಅಂತ ಒಂದು ಮಾತು ಹೇಳಿ. ನೀರಿನ ಕೊಡದ ವಿಷಯ ನಾನು ಕೇಳ್ತೀನಿ. ಬರದಿದ್ದರೆ ಫೈನಲ್ಲಿಗೆ ನೀವಿಬ್ಬರೂ ಇಲ್ಲ."

ಕ್ಯಾಪ್ಟನ್ ಚೆಂಡನ್ನು ಜಗಲಿಯ ಅಂಚಿನಲ್ಲಿಟ್ಟು ಎದ್ದ. ಅವನ ಕಾಫಿ ಮುಟ್ಟದೆ ಹಾಗೇ ಇತ್ತು.

ಹೆಡ್‌ಮಾಸ್ಟರು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಆ ಕಪ್ಪು ತಮ್ಮ ಕೋಣೆಯ ಗಾಜಿನ ಬೀರುವಿಗೆ ಬರಬೇಕೆಂಬ ಆಸೆ ಅವರಿಗೆ ಬಹಳ ದಿನದ್ದು. "ಇಂಬಳ ಕಚ್ಚಿದ್ದು ಯಾವ ರೂಲಿನಲ್ಲಿ ಫೌಲು ಮಾರಾಯ್ರೆ? ನನಗೊಂದು ತೋರಿಸಿ" ಎಂದರು. ನಾನು, ಯಾವುದರಲ್ಲೂ ಇಲ್ಲ ಎಂದೆ. "ಮತ್ತೆ?" ಎಂದರು. ತಂಡ ಆರಿಸುವುದು ಡ್ರಿಲ್ ಮೇಷ್ಟ್ರ ಕೆಲಸವೆಂದು ಅವರೇ ಮಾಡಿದ ಏರ್ಪಾಡು. ಅದನ್ನು ನೆನಪಿಸಿ ಹೊರಗೆ ಬಂದೆ. ಪೇಟೆಗೆ ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಹೊಗೆಸೊಪ್ಪಿನ ಅಂಗಡಿಯವನು ದಿನವೂ ನನ್ನನ್ನು ಕೂರಿಸಿಕೊಂಡು ಯುದ್ಧದ ಸುದ್ದಿ ಹೇಳುತ್ತಿದ್ದವನು. ಅವತ್ತು ತೂಗುತ್ತಾ, "ಎಷ್ಟಾದ್ರೂ ನಿಮ್ಮ ಕಡೆಯವ್ರಲ್ವಾ ಮೇಷ್ಟ್ರೇ, ಕರುಳು ಕೇಳ್ಬೇಕಲ್ಲ" ಎಂದ. ಆ ಊರಿನಲ್ಲಿ ಹನ್ನೆರಡು ಮಳೆಗಾಲ ಕಳೆದಿದ್ದೆ. ಆ ಕಡೆಯ ಹೆಣ್ಣನ್ನು ಮದುವೆಯಾಗಿ, ಅಲ್ಲಿಯ ಮಣ್ಣಿಗೇ ಅವಳನ್ನು ಒಪ್ಪಿಸಿದ್ದೆ. ಬಸ್ಸಿಳಿದ ದಿನದಂತೆ ಮತ್ತೆ ಹೊರಗಿನವನಾದೆ. ಈ ಸಲ ಕಾಲು ಚಾಚಿ ಎನ್ನುವವರಿರಲಿಲ್ಲ.

ಭಾನುವಾರ ಬಸ್ಸಿನಲ್ಲಿ ಮೂರು ಜಾಗ ಹಿಡಿದು ಕೂತಿದ್ದೆ. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು; ಹಿಂದೆ ಒಲೆಯಂಥ ಡಬ್ಬ, ಅದಕ್ಕೆ ಗಾಳಿ ಊದಿ ಕೆಂಡ ಮಾಡಿ ಹೊರಡಿಸಬೇಕು. ಕ್ಲೀನರ್ ಊದುತ್ತಲೇ ಇದ್ದ, ನಾನು ರಸ್ತೆ ನೋಡುತ್ತಲೇ ಇದ್ದೆ. ಬಸ್ಸು ಹೊರಟಿತು. ನಾನೊಬ್ಬನೇ ಹೋದೆ.

ಅಲ್ಲಿ ಮಳೆಯ ಸುಳಿವೇ ಇರಲಿಲ್ಲ. ಗೋಲಿ ಹುಡುಗ ಮನೆಯ ಮುಂದೆ ಎಮ್ಮೆ ತೊಳೆಯುತ್ತಿದ್ದ. ತೌಡಿನ ವಿಷಯ ಹೇಳಿದೆ. ಅವನು ಮೊದಲು ಬೆರಗಾದ, ಆಮೇಲೆ ಜೋರಾಗಿ ನಕ್ಕ. "ಅದ್ಕೇ ಸಾರ್, ಉಜ್ಜಿದಷ್ಟೂ ಹತ್ತುತ್ತಿತ್ತು! ನಾವು, ಇದೇನು ಇಂಬಳಕ್ಕೆ ನೈವೇದ್ಯವಾ ಅಂದ್ಕೊಂಡ್ವಿ." ನಾನು ನೀರಿನ ಕೊಡದ ವಿಷಯ ಕೇಳಿದೆ. ನಗು ನಿಂತಿತು. ಎಮ್ಮೆಯ ಬೆನ್ನು ಉಜ್ಜುತ್ತಾ, "ಹೂಂ ಸಾರ್. ಎತ್ತಿಟ್ಟಿದ್ದು ನಾನೇ" ಎಂದ. ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟ. ಕುಡಿದು ಸಂಜೆಯ ಬಸ್ಸಿಗೆ ವಾಪಸು ಬಂದೆ.

ಸೋಮವಾರ ಕ್ಲಾಸಿನ ಹೊರಗೆ ಕ್ಯಾಪ್ಟನ್ನನ್ನು ನಿಲ್ಲಿಸಿ, "ಅವನು ಒಪ್ಪಿಕೊಂಡ ಮಾರಾಯ, ತಪ್ಪಾಯ್ತು ಅಂದ ಹಾಗೇ" ಎಂದೆ.

"ನಿಮ್ಮ ಹತ್ರ ಒಪ್ಪಿಕೊಂಡ ಸಾರ್. ಬಾಯಾರಿದ್ದು ನಮಗೆ" ಎಂದು ಒಳಗೆ ಹೋದ.

ಫೈನಲ್ಲಿನ ದಿನ ನಮ್ಮಲ್ಲಿ ಹೆಚ್ಚುವರಿ ಆಟಗಾರನೆಂದು ಇದ್ದವನು ಒಬ್ಬನೇ. ಅವನನ್ನು ಜೊತೆಗಾರನ ಜಾಗಕ್ಕೆ ಹಾಕಿದೆ. ಕ್ಯಾಪ್ಟನ್ ಜಾಗಕ್ಕೆ ಕೆಳಗಿನ ತರಗತಿಯ ಯಾರನ್ನಾದರೂ ಕರೆತರಬಹುದಿತ್ತು. ತರಲಿಲ್ಲ. ಹತ್ತೇ ಜನರನ್ನು ಇಳಿಸಿದೆ. ತಡವಾಗಿ ಬಂದ ಆಟಗಾರ ರೆಫರಿಯನ್ನು ಕೇಳಿ ಮಧ್ಯದಲ್ಲಿ ಇಳಿಯುವುದಕ್ಕೆ ಅವಕಾಶ ಇತ್ತು. ಕ್ಯಾಪ್ಟನ್ನನ ಅಂಗಿಯನ್ನು ಮಡಚಿ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೆ.

ಅವನು ಬಂದಿದ್ದ. ಹಗ್ಗದಾಚೆ ಜನರ ಮಧ್ಯೆ, ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದ. ಚೆಂಡು ಹೋದ ಕಡೆಗೆಲ್ಲ ಅವನ ಭುಜ ತಿರುಗುತ್ತಿತ್ತು. ಅರ್ಧ ಆಟ ಮುಗಿದಾಗ ಎರಡು ಗೋಲು ಹಿಂದಿದ್ದೆವು. ಹೆಡ್‌ಮಾಸ್ಟರು ಕೊಡೆ ಹಿಡಿದುಕೊಂಡೇ ಓಡಿಬಂದು, "ಈಗ್ಲಾದ್ರೂ ಇಳಿಸಿ ಮಾರಾಯ್ರೆ, ನಿಮ್ಮ ದಮ್ಮಯ್ಯ" ಎಂದರು. ನಾನು ಚೀಲ ಹಿಡಿದು ಹಗ್ಗದ ಹತ್ತಿರ ಹೋದೆ.

"ಆ ಗೋಲಿ ಹುಡುಗನಿಗೆ ಬೇಡ. ನನಗೆ ಹೇಳು. ಮಾಡಬಾರದಿತ್ತು ಅನ್ನು, ಸಾಕು. ಅಂಗಿ ಇಲ್ಲೇ ಇದೆ."

ಅವನು ಚೀಲ ನೋಡಿದ. ಖಾಲಿ ಇದ್ದ ತನ್ನ ಜಾಗ ನೋಡಿದ. ತುಟಿ ಅಲುಗಿದ ಹಾಗಾಯಿತು. ಅಷ್ಟರಲ್ಲಿ ಪಕ್ಕದವನೊಬ್ಬ ಅವನ ಬೆನ್ನು ತಟ್ಟಿ, "ಹೇಳ್ಬೇಡ ಕಣೋ, ಬಯಲುಸೀಮೆಯವ್ರಿಗೆ ತಲೆ ಬಗ್ಗಿಸ್ಬೇಡ" ಎಂದ. ಹುಡುಗ ಕಟ್ಟಿದ್ದ ಪಂಚೆಯನ್ನು ಕೆಳಗೆ ಬಿಟ್ಟ. ನಾನು ಚೀಲ ತೆಗೆದುಕೊಂಡು ಹಿಂದಿರುಗಿದೆ. ಸೀಟಿ ಕೇಳಿತು. ಹತ್ತು ಜನರೇ ಆಡಿದರು, ಚೆನ್ನಾಗಿಯೇ ಆಡಿದರು, ಸೋತರು.

ಆಮೇಲೆ ಹೇಳುವಂಥದ್ದು ಹೆಚ್ಚಿಲ್ಲ. ಸಂಜೆ ಚೆಂಡನ್ನು ಜವಾನ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದ. ಬಹಳ ದಿನ ಕೈ ತನ್ನ ಪಾಡಿಗೆ ಎರಡು ಲೋಟ ನೀರು ಅಳೆದು ಒಲೆಗಿಡುತ್ತಿತ್ತು. ಎರಡನೆಯದನ್ನು ಚೆಲ್ಲಲು ಮನಸ್ಸು ಬಾರದೆ ರಾತ್ರಿ ಊಟದ ಬದಲು ಕುಡಿಯುತ್ತಿದ್ದೆ. ಬ್ಲಾಡರಿಗೆ ತೇಪೆ ನಾನೇ ಹಾಕಿದೆ, ಗಾಳಿ ಸೋರುತ್ತಿತ್ತು. ಗುಳ್ಳೆ ಬರುವ ಜಾಗ ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಡ್ರಿಲ್ಲಿನಲ್ಲಿ ಹುಡುಗ ನನ್ನ ಮಾತಿಗೆ ಸರಿಯಾಗಿ ಕೈ ಎತ್ತುತ್ತಿದ್ದ, ಇಳಿಸುತ್ತಿದ್ದ, ಬೇರೆಯವರಿಗಿಂತ ಅಚ್ಚುಕಟ್ಟಾಗಿ. ಅಷ್ಟೇ. ಪರೀಕ್ಷೆ ಮುಗಿದ ಮೇಲೆ ಜೊತೆಗಾರ ಹೇಳಿಹೋಗಲು ಬಂದ. "ಅವನು ಬೆಳಗಿನ ಬಸ್ಸಿಗೆ ಹೋದ ಸಾರ್" ಎಂದು ತಾನಾಗಿಯೇ ಹೇಳಿದ. ನಾನು ಕೇಳಿರಲಿಲ್ಲ.

ಮುಂದಿನ ಮಳೆಗಾಲ ಅದೇ ಬಯಲುಸೀಮೆಯ ತಂಡ ಮತ್ತೆ ನಮ್ಮೂರಿಗೆ ಬರುವುದಿತ್ತು. ಈ ಸಲ ಯಾರ ಕೈಗೂ ಕೊಡುವುದು ಬೇಡವೆಂದು, ಹಿಂದಿನ ದಿನವೇ ಪೊಟ್ಟಣ ಕಟ್ಟಿ, ನಾನೇ ಕೊಡೆ ಹಿಡಿದು ಬಸ್ ನಿಲ್ಲುವಲ್ಲಿ ನಿಂತೆ. ಬಸ್ಸು ಹೊಗೆ ಉಗುಳುತ್ತಾ ಬಂತು. ಹುಡುಗರು ಇಳಿದರು. ಅವರು ಹತ್ತಿರ ಬರುವ ಮೊದಲೇ ಹೊಗೆಸೊಪ್ಪಿನ ಘಾಟು ಬಂತು. ಎಲ್ಲರ ಮೊಣಕಾಲಿನವರೆಗೂ ಸುಣ್ಣದ ಬಿಳಿ.

ಗೋಲಿ ಹುಡುಗ ಆ ವರ್ಷವೂ ಇದ್ದ, ಇನ್ನಷ್ಟು ಎತ್ತರವಾಗಿದ್ದ. "ನಮಸ್ಕಾರ ಸಾರ್. ಈ ಸಲ ತೌಡು ಬೇಡ, ದಾರೀಲೇ ಆಯ್ತು" ಎಂದು ನಕ್ಕ.

"ಯಾರು ಕೊಟ್ಟರು?"

"ಆಲ್ದೂರಲ್ಲಿ ಇದ್ದಿಲು ಹಾಕೋಕೆ ಬಸ್ಸು ನಿಲ್ಲಿಸಿದ್ರು ಸಾರ್. ನಿಮ್ಮ ಹೋದ ವರ್ಷದ ಕ್ಯಾಪ್ಟನ್ನು. ಕಂಬಳಿ ಕೊಪ್ಪೆ ಹಾಕ್ಕೊಂಡು ನಿಂತಿದ್ದ. ಕಿಟಕೀಲಿ ತಲೆ ಹಾಕಿ, ಗೋಲಿ ಯಾರು ಅಂದ. ನಾನು ಅಂದೆ. ಈ ಚೀಲ ಕೊಟ್ಟ. ಇಲ್ಲೇ ಉಜ್ಕೊಂಡು ಹೋಗಿ, ಅಲ್ಲಿ ಮರದಡಿ ಕೂರ್ಬೇಡಿ ಅಂದ."

"ಅಷ್ಟೇನಾ?"

"ನೀರಿದ್ಯಾ ಅಂತ ಕೇಳಿದ ಸಾರ್. ಆ ಮಳೇಲಿ ನಿಂತ್ಕೊಂಡು! ನಮ್ಮ ಹೂಜಿ ಕೊಟ್ಟೆ. ಪೂರ್ತಿ ಕುಡಿದ. ಹೂಜಿ ವಾಪಸು ಕೊಟ್ಟು ಹೋದ."

ನಾನು ಅವನ ಕೈಯಿಂದ ಒಂದು ಪೊಟ್ಟಣ ತೆಗೆದುಕೊಂಡು ನೋಡಿದೆ. ಬಾಳೆಯ ನಾರು ಬಿಗಿಯಾಗಿ ಸುತ್ತಿತ್ತು, ತುದಿ ಒಳಗೆ ಹೋಗಿತ್ತು. ನಾನು ಕಟ್ಟುವುದಕ್ಕಿಂತ ಚೆನ್ನಾಗಿತ್ತು. ಅವಳು ಕಟ್ಟುತ್ತಿದ್ದ ಹಾಗೇ ಇತ್ತು.

"ನನ್ನ ವಿಷಯ ಏನಾದರೂ ಕೇಳಿದನಾ?"

"ಇಲ್ಲ ಸಾರ್" ಎಂದ ಹುಡುಗ. ಆಮೇಲೆ, ನನಗೆ ಬೇಸರವಾದೀತೆಂದೋ ಏನೋ, "ಬಸ್ಸು ಹೊರಡೋ ಆತುರ ನೋಡಿ" ಎಂದು ಸೇರಿಸಿದ.

ಅವರನ್ನು ಸ್ಕೂಲಿನ ಜಗಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದೆ. ಆಟ ಸಮವಾಯಿತು. ಮೈದಾನದ ಸುತ್ತ ನಿಂತ ಜನರಲ್ಲಿ ಕಂಬಳಿ ಕೊಪ್ಪೆ ಕಂಡಾಗಲೆಲ್ಲ ಮುಖ ನೋಡುತ್ತಿದ್ದೆ. ಮಳೆಗಾಲದಲ್ಲಿ ಅಲ್ಲಿ ಎಲ್ಲರೂ ಕಂಬಳಿ ಕೊಪ್ಪೆಯವರೇ. ಆಲ್ದೂರೇನು ದೂರವಲ್ಲ, ಬರುವವನಿಗೆ ಬಸ್ಸಿತ್ತು. ನನಗೂ ಇತ್ತು.

ಸಂಜೆ ಮನೆಗೆ ಬಂದು, ಬಳಕೆಯಾಗದ ನನ್ನ ಪೊಟ್ಟಣಗಳನ್ನು ತೇವ ಹಿಡಿಯದಿರಲೆಂದು ಒಲೆಯ ಮೇಲಿನ ಬಿದಿರಿನ ಗಳಕ್ಕೆ ಒಂದೊಂದಾಗಿ ಕುಣಿಕೆಯಿಂದ ತೂಗುಹಾಕಿದೆ. ಗೋಲಿ ಹುಡುಗನಿಂದ ಕೇಳಿ ಪಡೆದದ್ದು ಒಂದಿತ್ತು. ಅದನ್ನೂ ಅವುಗಳ ಜೊತೆಗೇ ಹಾಕಿದೆ. ಆಮೇಲೆ ಒಂದು ಲೋಟ ನೀರು ಅಳೆದು ಕಾಫಿಗೆ ಇಟ್ಟೆ.